ನಕ್ಷೆಗೆ ಕಿಲೋನ್ಯೂಟನ್, ಮೇಸ್ತ್ರಿಗೆ ಘನ ಅಡಿ, ದೋಣಿಗೆ ಕೆಜಿ

ಪ್ರಶ್ನೆ: ಸರ್, ನಾವು ಮೂವರು ಸೇರಿ ಕಾಳಿ ನದಿಯ ಅಳಿವೆಯಲ್ಲಿ ಪಂಜರ ಹಾಕಿ ಮೀನು ಸಾಕಬೇಕು ಅಂತಿದ್ದೇವೆ. ಪಂಜರ ಕಟ್ಟಿ ನಿಲ್ಲಿಸಲು ಕಾಂಕ್ರೀಟ್ ಬ್ಲಾಕ್ ಬೇಕು. ನಕ್ಷೆಯಲ್ಲಿ ‘ಪ್ರತಿ ಬ್ಲಾಕ್ ನೀರಿನೊಳಗೆ 3 ಕಿಲೋನ್ಯೂಟನ್’ ಎಂದಿದೆ. ಮೇಸ್ತ್ರಿ ‘ಎಷ್ಟು ಘನ ಅಡಿ ಅಂತ ಹೇಳಿ’ ಎನ್ನುತ್ತಾರೆ. ದೋಣಿಯವರು ‘ಎಷ್ಟು ಕೆಜಿ?’ ಎನ್ನುತ್ತಾರೆ. ಯಾರಿಗೆ ಏನು ಹೇಳಲಿ?
— ಓದುಗರು, ಸದಾಶಿವಗಡ

ಉತ್ತರ: ಮೇಸ್ತ್ರಿಗೆ 8 ಘನ ಅಡಿ ಎನ್ನಿ. ಎರಡು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರ. ದೋಣಿಯವರಿಗೆ 544 ಕೆಜಿ ಎನ್ನಿ. ಅವರು ಬೇಡ ಎಂದರೂ ಆಶ್ಚರ್ಯವಿಲ್ಲ, ಆ ಮಾತಿಗೆ ಆಮೇಲೆ ಬರುತ್ತೇನೆ.

ಲೆಕ್ಕ ಹೀಗೆ. ಕಬ್ಬಿಣ ಹಾಕದ ಕಾಂಕ್ರೀಟು ಒಂದು ಘನ ಮೀಟರಿಗೆ ಸುಮಾರು 2400 ಕೆಜಿ. ಒಂದು ಘನ ಮೀಟರಿನಲ್ಲಿ 35.31 ಘನ ಅಡಿ. ಭಾಗಿಸಿದರೆ ಘನ ಅಡಿಗೆ 68 ಕೆಜಿ. ಈ 68 ಒಂದನ್ನು ನೆನಪಿಟ್ಟುಕೊಂಡರೆ ಸಾಕು, ಅರ್ಧ ಕೆಲಸ ಆಯಿತು. ಕೆಜಿಯನ್ನು 9.81ರಿಂದ ಗುಣಿಸಿದರೆ ನ್ಯೂಟನ್, ಅದನ್ನು ಸಾವಿರದಿಂದ ಭಾಗಿಸಿದರೆ ಕಿಲೋನ್ಯೂಟನ್. ಬಾಯಿಲೆಕ್ಕಕ್ಕೆ ಒಂದು ಕಿಲೋನ್ಯೂಟನ್ ಅಂದರೆ 102 ಕೆಜಿಯ ಭಾರ ಎಂದುಕೊಳ್ಳಿ. ಹಾಗಾಗಿ ನಿಮ್ಮ ಬ್ಲಾಕ್ ದಡದ ಮೇಲೆ 5.33 ಕಿಲೋನ್ಯೂಟನ್ ತೂಗುತ್ತದೆ.

ಮೂರು ಕೇಳಿದರೆ ಐದು ಯಾಕೆ? ನೀರಿನಿಂದಾಗಿ. ಬಾವಿಯಿಂದ ಕೊಡಪಾನ ಎತ್ತುವಾಗ ಅದು ನೀರಿನೊಳಗೆ ಇರುವಷ್ಟು ಹೊತ್ತು ಭಾರವೇ ಗೊತ್ತಾಗುವುದಿಲ್ಲ, ಅಲ್ವಾ? ಬ್ಲಾಕ್ ಎಷ್ಟು ಜಾಗ ತೆಗೆದುಕೊಳ್ಳುತ್ತದೋ ಅಷ್ಟು ನೀರಿನ ತೂಕ ಕಳೆದುಹೋಗುತ್ತದೆ. ಸಮುದ್ರದ ನೀರು ಘನ ಅಡಿಗೆ 29 ಕೆಜಿ. 68ರಲ್ಲಿ 29 ಕಳೆದರೆ ಉಳಿಯುವುದು 39. ಎಂಟು ಘನ ಅಡಿಗೆ 312 ಕೆಜಿ, ಅಂದರೆ 3.06 ಕಿಲೋನ್ಯೂಟನ್. ಮಳೆಗಾಲದಲ್ಲಿ ಕಾಳಿಯ ನೀರು ಸಿಹಿಯಾದಾಗ ಇದು 3.11 ಆಗುತ್ತದೆ, ಅದರ ಚಿಂತೆ ಬೇಡ. ನೀರಿನ ಲೆಕ್ಕ ಬಿಟ್ಟವರು ನಾಲ್ಕೂವರೆ ಘನ ಅಡಿಗೇ ನಿಲ್ಲಿಸುತ್ತಾರೆ. ಅಂಥ ಬ್ಲಾಕ್ ತಳ ಸೇರಿದ ಮೇಲೆ ಉಳಿಸಿಕೊಳ್ಳುವುದು 1.7 ಕಿಲೋನ್ಯೂಟನ್ ಮಾತ್ರ.

ಎರಕ ಹಾಕುವ ಮೊದಲು ನಕ್ಷೆ ಮಾಡಿದವರಿಗೆ ಒಂದು ಫೋನ್ ಮಾಡಿ. ಈ 3 ಕಿಲೋನ್ಯೂಟನ್ ಬ್ಲಾಕಿನ ತೂಕವೋ, ಹಗ್ಗದ ಎಳೆತವೋ? ಇದು ನಾನು ಕೇಳಿಯೇ ಕೇಳುವ ಪ್ರಶ್ನೆ. ಬಂದರು ಕೆಲಸದಲ್ಲೇ ತಲೆ ನೆರೆಸಿಕೊಂಡವನು ನಾನು. ಗುಣಾಕಾರ ಎಲ್ಲರಿಗೂ ಬರುತ್ತದೆ. ಆ ಅಂಕಿ ಯಾವುದರದ್ದು ಎಂದು ವಿಚಾರಿಸುವವರು ಕಡಿಮೆ. ಹರಿವು ಪಂಜರವನ್ನು ಅಡ್ಡಕ್ಕೆ ಎಳೆಯುತ್ತದೆ. ಬ್ಲಾಕ್ ಅದನ್ನು ತಡೆಯುವುದು ತಳದ ಘರ್ಷಣೆಯಿಂದ. ಘರ್ಷಣೆ ತೂಕದ ಅರ್ಧದಷ್ಟು ಎಂದು ಹಿಡಿದರೆ, 3 ಕಿಲೋನ್ಯೂಟನ್ ಎಳೆತಕ್ಕೆ ನೀರಿನೊಳಗೆ 6 ಕಿಲೋನ್ಯೂಟನ್ ತೂಕ ಬೇಕು. ಆಗ 8 ಘನ ಅಡಿ ಹೋಗಿ 16 ಆಯಿತು. ಹಗ್ಗ ಗಿಡ್ಡವಾಗಿದ್ದು ಬ್ಲಾಕನ್ನು ಮೇಲಕ್ಕೂ ಎಳೆದರೆ ಇನ್ನೂ ಜಾಸ್ತಿ. ಚೌಕಕ್ಕಿಂತ ಅಗಲವಾಗಿ, ಕುಳ್ಳಗೆ ಇರುವ ಬ್ಲಾಕ್ ನನಗೆ ಇಷ್ಟ. ಅದು ಮಗುಚುವುದಿಲ್ಲ.

ಮಿಶ್ರಣದಲ್ಲಿ ಕಂಜೂಸಿ ಬೇಡ. ಸಮುದ್ರದ ನೀರಿಗೆ ಕಬ್ಬಿಣ ಇಲ್ಲದ ಕಾಂಕ್ರೀಟಿಗೂ ಕನಿಷ್ಠ ಎಂ20 ದರ್ಜೆಯ ಗಟ್ಟಿತನ ಇರಬೇಕು ಎನ್ನುತ್ತದೆ ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456. ಕಬ್ಬಿಣ ಹಾಕಿದರೆ ಎಂ30. ಸಿಮೆಂಟ್, ಮರಳು, ಜಲ್ಲಿ 1:1½:3 ಲೆಕ್ಕದಲ್ಲಿ ಒಂದು ಬ್ಲಾಕಿಗೆ ಎರಡು ಚೀಲಕ್ಕೆ ಸ್ವಲ್ಪ ಕಡಿಮೆ ಸಿಮೆಂಟ್, ಮೂರೂವರೆ ಘನ ಅಡಿ ಮರಳು, ಏಳು ಘನ ಅಡಿ ಜಲ್ಲಿ ಸಾಕಾಗುತ್ತದೆ. ಬ್ರಾಸ್ ಅಂದರೆ 100 ಘನ ಅಡಿ. ಇಡೀ ಬ್ರಾಸ್ ಮರಳು ತರಿಸಿ ಅಂಗಳದಲ್ಲಿ ಸುರಿಸಿಕೊಳ್ಳಬೇಡಿ.

ಇನ್ನು ಸಾಗಣೆ. 544 ಕೆಜಿಯನ್ನು ಸಣ್ಣ ದೋಣಿಯ ಅಂಚಿನಿಂದ ನೀರಿಗೆ ಉರುಳಿಸುವುದು ಹುಡುಗಾಟ ಅಲ್ಲ, ದೋಣಿಯೇ ಮಗುಚೀತು. ಇಳಿತದಲ್ಲಿ ಬರಿದಾಗುವ ದಂಡೆಗೆ ಬ್ಲಾಕನ್ನು ಮೊದಲೇ ಜರುಗಿಸಿಡಿ. ಬಾಯಿ ಬಿಗಿಯಾಗಿ ಮುಚ್ಚಿದ 200 ಲೀಟರಿನ ಖಾಲಿ ಡ್ರಮ್ ಎರಡು ಕಟ್ಟಿ. ಭರತ ಬಂದು ಎಲ್ಲವೂ ಮುಳುಗುವಷ್ಟು ನೀರಾದಾಗ ಒಂದೊಂದು ಡ್ರಮ್ ತನ್ನ ತೂಕ ಕಳೆದು ಸುಮಾರು 185 ಕೆಜಿ ಎತ್ತುತ್ತದೆ. ಎರಡಕ್ಕೆ 370. ಬ್ಲಾಕ್ ಆಗ 312 ಮಾತ್ರ, ಸುಮ್ನೆ ಎದ್ದು ಬರುತ್ತದೆ. ದೋಣಿ ಎಳೆದುಕೊಂಡು ಹೋಗಲಿ. ಜಾಗ ಸೇರಿದ ಮೇಲೆ ದೂರದಿಂದ ಎಳೆದರೆ ಬಿಚ್ಚುವಂಥ ಗಂಟು ಹಾಕಿಡಿ. ಬ್ಲಾಕ್ ಕೆಳಗಿಳಿಯುವಾಗ ಹಗ್ಗದ ಸುರುಳಿಯೊಳಗೆ ಯಾರ ಕಾಲೂ ಇರಬಾರದು.

ಪ್ರಶ್ನೆ: ಸಾವಿರ ಚದರ ಅಡಿಯ ಮನೆಗೆ 5 ಇಂಚಿನ ಸ್ಲ್ಯಾಬ್ ಹಾಕುತ್ತಿದ್ದೇವೆ. ಒಟ್ಟು ಭಾರ ಎಷ್ಟಾಗುತ್ತದೆ? ಕಾಂಕ್ರೀಟು ಗಟ್ಟಿಯಾಗುವವರೆಗೆ ಕೆಳಗೆ ಆಸರೆ ಕೊಡುವ ಅಡಿಕೆ ಮರದ ಕಂಬಗಳು ತಡೆಯುತ್ತವೆಯೇ?
— ಓದುಗರು, ಶಿರಸಿ

ಉತ್ತರ: ಕಬ್ಬಿಣ ಇರುವ ಕಾಂಕ್ರೀಟಿಗೆ ಘನ ಮೀಟರಿಗೆ 2500 ಕೆಜಿ ಹಿಡಿಯಿರಿ. ನಿಮ್ಮ ಸ್ಲ್ಯಾಬು ಚದರ ಅಡಿಗೆ 29.5 ಕೆಜಿ, ಒಟ್ಟು 29.5 ಟನ್, ಸುಮಾರು 290 ಕಿಲೋನ್ಯೂಟನ್. ಮನೆಯೊಳಗಿನ ಜನ, ಸಾಮಾನಿಗೆಂದು ವಿನ್ಯಾಸದಲ್ಲಿ ಹಿಡಿಯುವುದು ಚದರ ಮೀಟರಿಗೆ 2 ಕಿಲೋನ್ಯೂಟನ್, ಅಂದರೆ ಚದರ ಅಡಿಗೆ 19 ಕೆಜಿ. ತನ್ನ ಭಾರವೇ ಅದಕ್ಕಿಂತ ಜಾಸ್ತಿ! ಮೇಲಿನ ಉತ್ತರದ ಪಂಜರದ ಬ್ಲಾಕಿಗೆ ಸಾಂದ್ರತೆಯನ್ನು ತುಸು ಕಡಿಮೆ ಹಿಡಿದರೆ ಕ್ಷೇಮ, ಸ್ಲ್ಯಾಬಿಗೆ ತುಸು ಜಾಸ್ತಿ ಹಿಡಿದರೆ ಕ್ಷೇಮ.

ನಿಮ್ಮ ಕಂಬಗಳನ್ನು ನೋಡದೆ ‘ತಡೆಯುತ್ತವೆ’ ಎನ್ನಲಾರೆ. ಹುಳ ತಿಂದದ್ದು, ಡೊಂಕಾದದ್ದು, ತುಂಡು ಸೇರಿಸಿ ಉದ್ದ ಮಾಡಿದ್ದು ಬೇಡವೇ ಬೇಡ. ಬುಡಕ್ಕೆ ಹಲಗೆ ಕೊಡಿ, ಮಳೆ ಬಿದ್ದ ಮಣ್ಣಿನಲ್ಲಂತೂ ಕೊಡಲೇಬೇಕು. ನಡು ಬಾಗದಂತೆ ಅಡ್ಡಪಟ್ಟಿ ಹೊಡೆಸಿ. ಹಸಿ ಕಾಂಕ್ರೀಟನ್ನು ಒಂದೇ ಕಡೆ ರಾಶಿ ಸುರಿಯಲು ಬಿಡಬೇಡಿ: ಎರಡು ಅಡಿ ಎತ್ತರದ ರಾಶಿಯ ಕೆಳಗಿನ ಪ್ರತಿ ಚದರ ಅಡಿಗೆ 136 ಕೆಜಿ ಬೀಳುತ್ತದೆ.