‘ಬಂಗುಡೆ ತಂದರು’ ಸರಿ, ‘ಟೀಚರ್ ನೋಡಿದೆ’ ತಪ್ಪು. ಯಾಕೆ?

ಪ್ರಶ್ನೆ: ಸರ್, ನಮ್ಮ ಮನೆ ಮಲ್ಪೆ ಹತ್ತಿರ. ಮನೆಯಲ್ಲಿ ತುಳು ಮಾತಾಡುತ್ತೇವೆ. ನಾಲ್ಕನೇ ಕ್ಲಾಸಿನ ಮಗಳು ‘ಅಪ್ಪ ಬಂದರಿನಿಂದ ಬಂಗುಡೆ ತಂದರು’ ಎಂದು ಬರೆದಿದ್ದಳು. ಟೀಚರ್ ಅದನ್ನು ‘ಬಂಗುಡೆಯನ್ನು’ ಎಂದು ತಿದ್ದಿದ್ದಾರೆ. ತುಳುವಿನಲ್ಲಿ ಯೋಚಿಸಿ ಬರೆದದ್ದಕ್ಕೆ ಹೀಗಾಯಿತಾ? ‘ಅನ್ನು’ ಇಲ್ಲದಿದ್ದರೆ ಯಾರು ಏನನ್ನು ತಂದರು ಎಂದು ಗೊತ್ತಾಗುವುದು ಹೇಗೆ?
– ಓದುಗರು, ಉಡುಪಿ

ಉತ್ತರ: ನಿಮ್ಮ ಮಗಳು ಬರೆದದ್ದು ಒಳ್ಳೆಯ ಕನ್ನಡ. ತುಳುವಿನ ದೋಷ ಅದರಲ್ಲಿ ಏನೂ ಇಲ್ಲ. ಮೈಸೂರಿನವರೂ ಧಾರವಾಡದವರೂ ‘ತರಕಾರಿ ತಂದರು’, ‘ಕಾಫಿ ಕುಡಿದೆ’ ಎಂದೇ ಹೇಳುತ್ತಾರೆ. ‘ಅನ್ನು’ ಬಿಡುವುದಕ್ಕೂ ಕನ್ನಡದಲ್ಲಿ ನಿಯಮ ಇದೆ. ಆ ನಿಯಮ ಮಗುವಿಗೆ ಆಗಲೇ ಗೊತ್ತಿದೆ ಎನ್ನುವುದು ನನಗೆ ಬಹಳ ಸಂತೋಷದ ವಿಷಯ.

ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ‘ಬಸ್‌ಸ್ಟ್ಯಾಂಡಿನಲ್ಲಿ ಟೀಚರ್ ನೋಡಿದೆ’ ಎಂದು ಅವಳು ಹೇಳುತ್ತಾಳಾ? ಖಂಡಿತ ಇಲ್ಲ. ‘ಟೀಚರನ್ನು’ ಎನ್ನುತ್ತಾಳೆ, ಮಾತಿನಲ್ಲಾದರೆ ‘ಟೀಚರ್‌ನ’ ಎಂದಾದರೂ ಅನ್ನುತ್ತಾಳೆ. ಮೀನಿಗೆ ಬೇಡವಾದ ‘ಅನ್ನು’ ಮನುಷ್ಯರಿಗೆ ಬೇಕೇ ಬೇಕು. ಮನುಷ್ಯರು ಸಾಮಾನ್ಯವಾಗಿ ಕೆಲಸ ಮಾಡುವವರು, ಅಲ್ವಾ? ಅವರ ಮೇಲೆಯೇ ಕೆಲಸ ನಡೆದಾಗ ಅದನ್ನು ತೋರಿಸುವ ಗುರುತು ಬೇಕಾಗುತ್ತದೆ. ಬಂಗುಡೆ ಅಪ್ಪನನ್ನು ತರುವುದಿಲ್ಲ, ಹಾಗಾಗಿ ಅಲ್ಲಿ ಗುರುತಿಲ್ಲದೆಯೂ ನಡೆಯುತ್ತದೆ. ಹಿಂದಿಯ ‘ಕೋ’ ಕೂಡ ಹೆಚ್ಚುಕಡಿಮೆ ಹೀಗೇ ಮನುಷ್ಯರ ಹಿಂದೆ ಬಂದು ವಸ್ತುಗಳನ್ನು ಬಿಟ್ಟುಬಿಡುತ್ತದೆ. ದೂರದ ಸ್ಪ್ಯಾನಿಷ್ ಭಾಷೆಯಲ್ಲೂ ಇಂಥದ್ದೇ ಗುರುತು ಇದೆ.

ವಸ್ತುಗಳಿಗೂ ‘ಅನ್ನು’ ಸುಮ್ನೆ ಬರುವುದಿಲ್ಲ. ‘ಪೆನ್ನು ಹುಡುಕುತ್ತಿದ್ದೇನೆ’ ಎಂದರೆ ಬರೆಯಲು ಯಾವ ಪೆನ್ನು ಸಿಕ್ಕಿದರೂ ಆದೀತು. ‘ಪೆನ್ನನ್ನು ಹುಡುಕುತ್ತಿದ್ದೇನೆ’ ಎಂದರೆ ಕಳೆದುಹೋದ ಒಂದು ಪೆನ್ನು ನನ್ನ ಮನಸ್ಸಿನಲ್ಲಿದೆ. ಅಪ್ಪ ಏನು ತಂದರು ಎಂಬುದಷ್ಟೇ ನಿಮ್ಮ ಮಗಳ ಸುದ್ದಿ. ಅಲ್ಲಿ ‘ಬಂಗುಡೆ’ ಸಾಕು. ಮೊದಲೇ ಮಾತಿಗೆ ಬಂದ ಬಂಗುಡೆಯಾಗಿದ್ದರೆ ‘ಬಂಗುಡೆಯನ್ನು ಅಪ್ಪನೇ ತಂದರು’ ಎನ್ನುತ್ತಿದ್ದಳು. ಟೀಚರ್ ಬರೆದದ್ದೂ ಕನ್ನಡವೇ. ಆದರೆ ಅರ್ಥ ಕೂದಲೆಳೆಯಷ್ಟು ಬೇರೆ.

ಕೇಳುವವರಿಗೆ ಗೊತ್ತಾಗುವುದು ಹೇಗೆ ಎಂದು ಕೇಳಿದಿರಿ. ಕಿವಿ ಹಲವು ಸುಳಿವುಗಳನ್ನು ಒಟ್ಟಿಗೆ ಹಿಡಿಯುತ್ತದೆ. ‘ತಂದರು’ ಎಂಬುದರ ಕೊನೆಯ ‘ಅರು’ ಅಪ್ಪನತ್ತ ಕೈ ತೋರಿಸುತ್ತದೆ. ಮೀನು ತಂದದ್ದಾಗಿದ್ದರೆ ‘ತಂದಿತು’ ಆಗಬೇಕಿತ್ತು. ಸುಳಿವುಗಳು ಕೈಕೊಟ್ಟಾಗ ಮಾತ್ರ ತೊಂದರೆ. ‘ನಾಯಿ ಬೆಕ್ಕು ಕಚ್ಚಿತು’ ಎಂದರೆ ಯಾರು ಯಾರನ್ನು ಕಚ್ಚಿದ್ದು? ಎರಡಕ್ಕೂ ಜೀವ ಇದೆ, ‘ಇತು’ ಎರಡಕ್ಕೂ ಒಪ್ಪುತ್ತದೆ. ಇಂಥ ಕಡೆ ‘ಬೆಕ್ಕನ್ನು’ ಎನ್ನಲೇಬೇಕು. ಮಕ್ಕಳಿಗೆ ತಿದ್ದಿ ಹೇಳಬೇಕಾದ ಜಾಗ ಇದು.

ಮಕ್ಕಳು ಇನ್ನೂ ಒಂದು ಸುಳಿವು ಹಿಡಿಯುತ್ತಾರೆ. ಜೆಫ್ರಿ ಲಿಡ್ಜ್, ಹೆನ್ರಿ ಗ್ಲೈಟ್‌ಮನ್, ಲೀಲಾ ಗ್ಲೈಟ್‌ಮನ್ ಎಂಬ ಭಾಷಾತಜ್ಞರು ಮೂರು ವರ್ಷದ ಕನ್ನಡದ ಮಕ್ಕಳ ಜೊತೆ ಮಾಡಿದ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ವಾಕ್ಯ ಹೇಳಿ, ಆಟಿಕೆಗಳಿಂದ ಅದನ್ನು ಮಾಡಿ ತೋರಿಸಿ ಎಂದು ಕೇಳುತ್ತಿದ್ದರು. ‘ಏರು’ ಎಂಬುದನ್ನು ‘ಏರಿಸು’ ಮಾಡುವ, ಅಂದರೆ ಇನ್ನೊಬ್ಬರಿಂದ ಕೆಲಸ ಆಗುವಂತೆ ಮಾಡುವುದನ್ನು ತೋರಿಸುವ ‘ಇಸು’ ಕೆಲವು ವಾಕ್ಯಗಳಲ್ಲಿ ಇತ್ತು, ಕೆಲವುಗಳಲ್ಲಿ ಇರಲಿಲ್ಲ. ಮಕ್ಕಳು ‘ಇಸು’ವಿನ ಕಡೆ ಜಾಸ್ತಿ ನೋಡಲೇ ಇಲ್ಲ. ವಾಕ್ಯದಲ್ಲಿ ಎಷ್ಟು ನಾಮಪದ ಇದೆ ಎಂದು ಲೆಕ್ಕ ಹಾಕಿದರು. ಎರಡಿದ್ದರೆ ಒಂದು ಇನ್ನೊಂದಕ್ಕೆ ಏನೋ ಮಾಡುತ್ತಿದೆ ಎಂದು ಆಡಿ ತೋರಿಸಿದರು. ಶಾಲೆಗೆ ಕಾಲಿಡುವ ಮೊದಲೇ ಇಷ್ಟು ಕೆಲಸ ಆ ಪುಟ್ಟ ತಲೆಯಲ್ಲಿ ನಡೆದಿರುತ್ತದೆ. ಮಗಳ ನೋಟ್‌ಬುಕ್ಕನ್ನು ಟೀಚರ್ ಹತ್ತಿರ ಒಯ್ದು ಪ್ರೀತಿಯಿಂದ ಮಾತಾಡಿ. ಮುಂದಿನ ಸಲ ಅವಳು ಹೆದರಿ ಎಲ್ಲದಕ್ಕೂ ‘ಅನ್ನು’ ಅಂಟಿಸುವುದು ಬೇಡ.

ಪ್ರಶ್ನೆ: ನಮ್ಮದು ಕೊಂಕಣಿ ಮನೆ. ‘ಹಾಂವೆಂ ಆಂಬೊ ಖೆಲೊ’ (ನಾನು ಮಾವಿನಹಣ್ಣು ತಿಂದೆ) ಎನ್ನುತ್ತೇವೆ. ನಾನು ಹೆಂಗಸು. ಆದರೂ ‘ಖೆಲೊ’ ಎಂಬ ಗಂಡು ರೂಪ ಯಾಕೆ?
– ಓದುಗರು, ಮಂಗಳೂರು

ಉತ್ತರ: ಆ ‘ಒ’ ನಿಮ್ಮದಲ್ಲ, ಮಾವಿನಹಣ್ಣಿನದು. ಕೊಂಕಣಿಯಲ್ಲಿ ‘ಆಂಬೊ’ ಗಂಡು ಪದ. ನಡೆದುಹೋದ ಕೆಲಸ ಹೇಳುವಾಗ ಇಂಥ ಕ್ರಿಯಾಪದ ತಿಂದವರನ್ನು ನೋಡುವುದಿಲ್ಲ, ತಿಂದದ್ದನ್ನು ನೋಡುತ್ತದೆ. ಬಾಳೆಹಣ್ಣಾದರೆ ‘ಕೆಳೆಂ ಖೆಲೆಂ’ ಆಗುತ್ತದೆ. ಮಾಡಿದವರ ಗುರುತು ‘ಹಾಂವ್’ಗೆ ಸೇರಿದ ‘ಎಂ’ನಲ್ಲಿದೆ. ಇದರ ಬೇರು ಸಂಸ್ಕೃತದ ‘ಮಯಾ ಫಲಂ ಖಾದಿತಮ್’ ಥರದ ವಾಕ್ಯಗಳಲ್ಲಿದೆ, ಅಂದರೆ ‘ನನ್ನಿಂದ ಹಣ್ಣು ತಿನ್ನಲ್ಪಟ್ಟಿತು’. ಹಿಂದಿಯ ‘ಮೈನೇ ಆಮ್ ಖಾಯಾ’ ಕೂಡ ಇದೇ ಬಳಗದ್ದು. ಕನ್ನಡ, ತುಳು ಈ ದಾರಿ ಹಿಡಿಯಲಿಲ್ಲ. ‘ತಿಂದೆ’ಯ ‘ಎ’ ಯಾವ ಹಣ್ಣಾದರೂ ನಿಮ್ಮದೇ. ಕೊಂಕಣಿಯಲ್ಲೂ ಈಗ ತಿನ್ನುವ ಮಾತಾದರೆ ‘ಹಾಂವ್ ಆಂಬೊ ಖಾತಾಂ’. ಅಲ್ಲಿ ‘ಎಂ’ ಉದುರುತ್ತದೆ, ಕ್ರಿಯಾಪದ ಮಾವನ್ನು ಬಿಟ್ಟು ನಿಮ್ಮ ಕಡೆ ತಿರುಗುತ್ತದೆ.