ಓದುಗರ ಪ್ರಶ್ನೆ, ಬಲ್ಲವರ ಉತ್ತರ: ಹಿಮನಾಡಿನ ಅನ್ನ, ಹಂಚಿಕೆ, ಮನಸ್ಸು

ಉತ್ತರ ಧ್ರುವದ ಅಂಚಿನಲ್ಲಿರುವ ಇನುಯಿಟ್ ಮತ್ತು ಅವರ ಬಳಗದ ಜನರ ಬಗ್ಗೆ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಓದುಗರು ಕೇಳಿದ ಪ್ರಶ್ನೆಗಳಲ್ಲಿ ನಾಲ್ಕಕ್ಕೆ ಇಲ್ಲಿ ಉತ್ತರವಿದೆ.

ಅಲ್ಲಿಯ ಮಂದಿ ನೆಲದಾಗ ಗುಂಡಿ ತೋಡಿ ಮಾಂಸ ಇಡ್ತಾರಂತ. ನಮ್ಮ ಹಗೇವಿನಂಗ ಏನ್ರಿ? ಈಗ ಅವು ಕೆಡ್ಲಿಕತ್ಯಾವಂತ, ಯಾಕ?
— ರೈತರೊಬ್ಬರು, ಆಳಂದ

ನೋಡಲು ಒಂದೇ, ಕೆಲಸ ಬೇರೆ. ಹಗೇವು ಒಣ ಜೋಳಕ್ಕೆ ಗಾಳಿ ಸಿಗದಂತೆ ಮಾಡಿ ಹುಳ ತಡೆಯುತ್ತದೆ. ಉತ್ತರ ಅಲಾಸ್ಕದ ಇನ್ಯುಪಿಯಾಟ್ ಜನರ ನೆಲಮಾಳಿಗೆ ಸದಾ ಹೆಪ್ಪುಗಟ್ಟಿರುವ ಮಣ್ಣಿನಲ್ಲಿ ತೋಡಿದ್ದು. ಅಲ್ಲಿ ಥಂಡಿಯೇ ಕಾವಲು. ತಿಮಿಂಗಿಲದ ಮಾಂಸ, ಕೊಬ್ಬು ಸಹಿತದ ತೊಗಲು ಅದರಲ್ಲಿರುತ್ತದೆ. ವಸಂತದ ಬೇಟೆಗೆ ಮುಂಚೆ ಮಾಳಿಗೆ ಬರಿದು ಮಾಡಿ, ಕೆರೆದು, ತಳಕ್ಕೆ ಹೊಸ ಹಿಮ ಹಾಸುತ್ತಾರೆ. ಈಗ ನೆಲವೇ ಬೆಚ್ಚಗಾಗಿ ಗೋಡೆ ಸಡಿಲಾಗುತ್ತಿದೆ, ತಳದಲ್ಲಿ ನೀರು ನಿಂತು ಮಾಂಸಕ್ಕೆ ಬೂಸು ಹಿಡಿಯುತ್ತಿದೆ.

ಹಗೇವಿನ ಮಾತು ಬಂದಿದ್ದರಿಂದ ಇದನ್ನೂ ಹೇಳಲೇಬೇಕು. ಬಾಯಿ ತೆರೆದ ಕೂಡಲೇ ಒಳಗೆ ಇಳಿಯಬೇಡಿ. ಕಾಳಿನ ಉಸಿರಾಟದಿಂದ ಒಳಗೆ ಇಂಗಾಲದ ಡೈಆಕ್ಸೈಡ್ ತುಂಬಿ, ಆಮ್ಲಜನಕ ಕಡಿಮೆಯಾಗಿರುತ್ತದೆ. ಹಲವು ತಾಸು ತೆರೆದಿಡಿ. ಹಗ್ಗಕ್ಕೆ ಕಂದೀಲು ಕಟ್ಟಿ ತಳದವರೆಗೆ ಬಿಡಿ, ಆರಿದರೆ ಇಳಿಯಲೇಬಾರದು. ಆರದಿದ್ದರೂ ಸೊಂಟಕ್ಕೆ ಹಗ್ಗ ಇರಲಿ, ಮೇಲೆ ಇಬ್ಬರು ನಿಂತಿರಲಿ.

ಸುಗ್ಗಿ ಮುಗಿದರೆ ನಮ್ಮ ತಾಂಡಾದ ಅರ್ಧ ಮನೆಗಳು ಪುಣೆ, ಮುಂಬೈಗೆ ಗುಳೆ ಹೋಗುತ್ತವೆ, ವಯಸ್ಸಾದವರು ಉಳಿಯುತ್ತಾರೆ. ಇನುಯಿಟ್ ಊರುಗಳಲ್ಲಿ ಎಲ್ಲರಿಗೂ ಸೇರಿದ ಫ್ರೀಜರ್ ಇದೆಯಂತೆ. ಜೋಳಕ್ಕೆ ನಾವೂ ಹಾಗೆ ಮಾಡಬಹುದೇ?
— ಸ್ವಸಹಾಯ ಸಂಘದ ಸದಸ್ಯೆಯರು, ಚಿಂಚೋಳಿ ತಾಲ್ಲೂಕು

ಮಾಡಬಹುದು. ಆದರೆ ಅದು ಅಲ್ಲಿ ಹೇಗೆ ನಿಂತಿದೆ ಎಂಬುದನ್ನು ಮೊದಲು ತಿಳಿಯಿರಿ.

ಕೆನಡಾದ ಕ್ವಿಬೆಕ್ ಪ್ರಾಂತದ ಉತ್ತರ ಭಾಗ ನುನಾವಿಕ್. ಅಲ್ಲಿ 14 ಊರುಗಳಿವೆ, ದಕ್ಷಿಣದಿಂದ ಒಂದಕ್ಕೂ ರಸ್ತೆಯಿಲ್ಲ. ಅಂಗಡಿ ಸಾಮಾನು ಬೇಸಿಗೆಯಲ್ಲಿ ಹಡಗಿನಲ್ಲಿ, ಉಳಿದಂತೆ ವಿಮಾನದಲ್ಲಿ ಬರಬೇಕು, ಹಾಗಾಗಿ ದುಬಾರಿ. ಬೇಟೆಗೂ ಹಿಮದ ಬಂಡಿ, ಪೆಟ್ರೋಲ್, ಗುಂಡು ಬೇಕು. ನೌಕರಿ ಇದ್ದವನ ಬಳಿ ದುಡ್ಡಿದೆ, ವೇಳೆ ಇಲ್ಲ; ವೇಳೆ ಇದ್ದವನ ಬಳಿ ದುಡ್ಡಿಲ್ಲ. ಅಲ್ಲಿಯ ಜನರಿಗೂ ಸರ್ಕಾರಕ್ಕೂ ಆದ 1975ರ ಒಪ್ಪಂದದಿಂದ ಹುಟ್ಟಿದ ಬೇಟೆಗಾರರ ನೆರವಿನ ಯೋಜನೆ ಈ ಗಂಟನ್ನು ಬಿಡಿಸುತ್ತದೆ. ಸರ್ಕಾರದ ಹಣದಿಂದ ಊರಿನ ಆಡಳಿತವೇ ಬೇಟೆಗಾರರಿಂದ ಮಾಂಸ, ಮೀನು ಕೊಂಡು ಊರ ಫ್ರೀಜರಿನಲ್ಲಿಡುತ್ತದೆ. ಕೈಲಾಗದವರಿಗೆ, ವೃದ್ಧರಿಗೆ ಅದು ಪುಕ್ಕಟೆ. ಹಣ ಹೊರಗಿನದು, ತೀರ್ಮಾನ ಊರಿನದು. ಇದು ಉಳಿದುಬಂದಿರುವ ಕಾರಣ ಇದೇ ಎಂಬುದು ನಮ್ಮ ಅಭಿಪ್ರಾಯ.

ಈಗ ನಿಮ್ಮ ಜೋಳ. ಒಬ್ಬ ಹಿರಿಯರಿಗೆ ದಿನಕ್ಕೆ 400 ಗ್ರಾಂ ಹಿಡಿದರೆ ತಿಂಗಳಿಗೆ 12 ಕಿಲೊ. ಹತ್ತು ಜನರಿಗೆ ನಾಲ್ಕು ತಿಂಗಳಿಗೆ 480 ಕಿಲೊ, ಅಂದರೆ ಇಪ್ಪತ್ತು ಮನೆಗಳು ತಲಾ 25 ಕಿಲೊ ಕೊಟ್ಟರೆ ಸಾಕು. ರಾಶಿ ಆದ ವಾರದಲ್ಲೇ ಎತ್ತಿ. ಗುಳೆಯ ಮುಂಗಡ ಕೈಗೆ ಬಂದ ಮೇಲೆ ಯಾರೂ ಸಿಗುವುದಿಲ್ಲ. ಕಾಳು ಹಲ್ಲಿಗೆ ಕಟ್ಟನೆ ಮುರಿಯುವಷ್ಟು ಒಣಗಿಸಿ, ನೆರಳಲ್ಲಿ ಆರಿದ ಮೇಲೆ ತುಂಬಿ. ಬಿಸಿ ಕಾಳು ಚೀಲದಲ್ಲಿ ಬೆವರಿ ಬೂಸು ಬರುತ್ತದೆ. ಚೀಲಗಳು ಹಲಗೆಯ ಮೇಲಿರಲಿ, ಗೋಡೆಗೆ ತಾಕದಿರಲಿ.

ಇಂಥ ಕೆಲಸ ಹುಳದಿಂದ ಕೆಡುವುದಕ್ಕಿಂತ ಕೀಲಿಯಿಂದ ಕೆಡುವುದೇ ಹೆಚ್ಚು. ಕೀಲಿ ಒಬ್ಬರ ಬಳಿ, ಲೆಕ್ಕದ ಪುಸ್ತಕ ಮತ್ತೊಬ್ಬರ ಬಳಿ ಇರಲಿ. ಪಡೆಯುವವರ ಹೆಸರು ಓದಿ ಹೇಳಬೇಡಿ. ನಾಚಿಕೆಗೆ ಹಿರಿಯರು ಬರುವುದನ್ನೇ ಬಿಡುತ್ತಾರೆ. ಮನೆಗೇ ಮುಟ್ಟಿಸಿ. ಕಡ ಒಯ್ದವರು ತುಸು ಹೆಚ್ಚಿಗೆ ತಿರುಗಿಸಲಿ, ಆದರೆ ಬರದ ವರ್ಷ ಆ ಹೆಚ್ಚಳ ಬಿಡಿ, ಹಿರಿಯರಿಂದ ಏನನ್ನೂ ಕೇಳಬೇಡಿ.

ಹುಳಿ ಬರಿಸಿದ ಮಾಂಸ ತಿಂದು ಅಲ್ಲಿ ಜನ ಸಾಯುತ್ತಾರಂತೆ. ಆ ಪದ್ಧತಿಯನ್ನೇ ಬಿಡಿಸಬಾರದೇ?
— ಆಶಾ ಕಾರ್ಯಕರ್ತೆ, ಶಹಾಪುರ

ಬಿಡಿಸಬೇಕಾದ್ದು ಪ್ಲಾಸ್ಟಿಕ್ ಡಬ್ಬಿಯನ್ನು. ಅಲಾಸ್ಕದಲ್ಲಿ ಮೀನಿನ ತಲೆ, ಸೀಲ್ ಪ್ರಾಣಿಯ ಈಜುಗಾಲುಗಳನ್ನು ಹಿಂದೆ ಹುಲ್ಲು ಹಾಸಿದ ತಂಪು ಗುಂಡಿಯಲ್ಲಿ ಇಡುತ್ತಿದ್ದರು. ಆಮೇಲೆ ಮುಚ್ಚಳ ಬಿಗಿದ ಬಕೆಟ್, ಗಾಜಿನ ಬಾಟಲಿ ಬಂದವು, ಅವನ್ನು ಬೆಚ್ಚಗಿನ ಮನೆಯೊಳಗೆ ಇಡುವುದೂ ರೂಢಿಯಾಯಿತು. ಗಾಳಿಯಿಲ್ಲದ ಬೆಚ್ಚನೆ ಜಾಗ ಬಾಟುಲಿಸಂ ಎಂಬ ವಿಷಾಹಾರ ಕಾಯಿಲೆಯ ರೋಗಾಣುವಿಗೆ ಹೇಳಿ ಮಾಡಿಸಿದ್ದು. ಅದರ ವಿಷಕ್ಕೆ ರುಚಿ, ವಾಸನೆ ಇರಲೇಬೇಕೆಂದಿಲ್ಲ. ಹಾಗಾಗಿ ಅಲ್ಲಿಯ ಆರೋಗ್ಯ ಸಿಬ್ಬಂದಿ ಹಳೆಯ ವಿಧಾನಕ್ಕೆ ಮರಳಿ, ತಂಪಿನಲ್ಲಿಡಿ, ಪ್ಲಾಸ್ಟಿಕ್ ಬೇಡ ಎನ್ನುತ್ತಾರೆ. ತಿನ್ನುವ ಮುಂಚೆ ಹತ್ತು ನಿಮಿಷ ಕುದಿಸಿದರೆ ವಿಷ ನಾಶವಾಗುತ್ತದೆ.

ನಿಮ್ಮ ಕೆಲಸಕ್ಕೆ ಬೇಕಾದ ಗುರುತುಗಳು: ಒಂದು ಎರಡಾಗಿ ಕಾಣುವುದು, ರೆಪ್ಪೆ ಜೋಲುವುದು, ಮಾತು ತೊದಲುವುದು, ನುಂಗಲು ಆಗದಿರುವುದು. ಕಾಯದೆ ಜಿಲ್ಲಾ ಆಸ್ಪತ್ರೆಗೆ ಕಳಿಸಿ. ನಮ್ಮಲ್ಲೂ ಹಸಿ ಬೆಳ್ಳುಳ್ಳಿಯನ್ನು ಹುಳಿಯಿಲ್ಲದೆ ಬರೀ ಎಣ್ಣೆಯಲ್ಲಿ ಮುಳುಗಿಸಿ ಹೊರಗೆ ದಿನಗಟ್ಟಲೆ ಇಟ್ಟರೆ ಇದೇ ಅಪಾಯ.

ಇಷ್ಟು ಹಂಚಿ ತಿನ್ನುವ ಜನರಲ್ಲಿ ಯುವಕರ ಆತ್ಮಹತ್ಯೆ ಏಕೆ ಹೆಚ್ಚು? ಕತ್ತಲೆಯ ಚಳಿಗಾಲವೇ ಕಾರಣವೇ?
— ಸಮಾಜಕಾರ್ಯ ವಿದ್ಯಾರ್ಥಿನಿ, ಬೀದರ್

ಕತ್ತಲೆ ಸಾವಿರಾರು ವರ್ಷಗಳಿಂದ ಇದೆ. ಕೆನಡಾದ ಇನುಯಿಟ್ ಯುವಕರಲ್ಲಿ ಈ ಸಾವುಗಳು ಏರತೊಡಗಿದ್ದು 1970ರ ದಶಕದಿಂದ. ಅದಕ್ಕೆ ಮುಂಚೆ ನಡೆದದ್ದನ್ನು ನೋಡಿ. 1953ರಲ್ಲಿ ನುನಾವಿಕ್‌ನ ಇನುಕ್ಜುವಾಕ್ ಊರಿನ ಕುಟುಂಬಗಳನ್ನು ಸರ್ಕಾರ ದೂರದ ಉತ್ತರದ ಗ್ರೈಸ್ ಫಿಯೋರ್ಡ್, ರೆಸೊಲ್ಯೂಟ್‌ಗೆ ಸಾಗಿಸಿತು. ಕ್ಷಯ ರೋಗಿಗಳನ್ನು ಹಡಗಿನಲ್ಲಿ ದಕ್ಷಿಣಕ್ಕೆ ಒಯ್ದರು. ಸತ್ತವರನ್ನು ಎಲ್ಲಿ ಹೂಳಿದರೆಂದು ಎಷ್ಟೋ ಮನೆಗಳಿಗೆ ಗೊತ್ತಾಗಲಿಲ್ಲ. ಮಕ್ಕಳನ್ನು ವಸತಿ ಶಾಲೆಗೆ ಹಾಕಿ ತಾಯಿನುಡಿ ಬಿಡಿಸಿದರು. ಸ್ಥಳಾಂತರಕ್ಕೆ ಸರ್ಕಾರ ಕ್ಷಮೆ ಕೇಳಿದ್ದು 2010ರಲ್ಲಿ, ಕ್ಷಯ ರೋಗಿಗಳ ವಿಷಯಕ್ಕೆ 2019ರಲ್ಲಿ.

ಆದ್ದರಿಂದಲೇ ಇನುಯಿಟ್ ತಪಿರೀಟ್ ಕನಾತಮಿ ಎಂಬ ಅವರದೇ ಸಂಸ್ಥೆ 2016ರಲ್ಲಿ ಹೊರತಂದ ಆತ್ಮಹತ್ಯೆ ತಡೆ ಕಾರ್ಯತಂತ್ರ ಆಪ್ತಸಮಾಲೋಚನೆಗಷ್ಟೇ ನಿಲ್ಲುವುದಿಲ್ಲ. ಸಾಮಾಜಿಕ ಸಮಾನತೆ, ಸಂಸ್ಕೃತಿಯ ಮುಂದುವರಿಕೆ, ಹುಟ್ಟಿನಿಂದಲೇ ಮಕ್ಕಳ ಪಾಲನೆ, ಮಾನಸಿಕ ಆರೋಗ್ಯ ಸೇವೆ, ಹಳೆಯ ನೋವಿನ ಶಮನ, ಅವರದೇ ಅರಿವಿನ ಬಳಕೆ, ಈ ಆರೂ ಅದರಲ್ಲಿವೆ. ಇಕ್ಕಟ್ಟಿನ ಮನೆ, ಹಸಿವು ಇವನ್ನೂ ಮಾನಸಿಕ ಆರೋಗ್ಯದ ಪ್ರಶ್ನೆಗಳೆಂದೇ ಎಣಿಸಿದ್ದಾರೆ. ನಿಮ್ಮ ಕ್ಷೇತ್ರಕಾರ್ಯದಲ್ಲೂ ಮೊದಲು ಅವನ್ನೇ ಕೇಳಿ.

ಯಾರಾದರೂ ಬದುಕು ಸಾಕೆಂದರೆ, ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಒಬ್ಬರನ್ನೇ ಬಿಡಬೇಡಿ. ಮನೆಯಲ್ಲಿ ತೊಗರಿ, ಹತ್ತಿಗೆ ತಂದ ಔಷಧಿ ಡಬ್ಬಿ ಇದ್ದರೆ ಬೇರೆಯವರ ಮನೆಯಲ್ಲಿ ಕೀಲಿ ಹಾಕಿಸಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಪುಕ್ಕಟೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.