ಏಳು ಆಲ್ಬಮ್, ಎರಡು ದಿನ

ಪ್ರಿಯ ಓದುಗರೇ,

ನಿಮ್ಮ ನಾಲ್ಕು ಪುಟದ ಪತ್ರ ಕೈಸೇರಿತು. ಎರಡು ಸಲ ಓದಿದೆ. ಉಳಿದ ಓದುಗರಿಗೂ ವಿಷಯ ಗೊತ್ತಾಗಲಿ ಅಂತ ಮೊದಲು ಅದನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ.

ನೀವು ಹುಬ್ಬಳ್ಳಿಯ ವಿದ್ಯಾನಗರದವರು. ನಿಮ್ಮದು ಐದು ಜನರ ಗುಂಪು. ಎಲ್ಲರಿಗೂ ಇಂಡಿ ಸಂಗೀತದ, ಅಂದರೆ ದೊಡ್ಡ ಕಂಪನಿಯ ಹಂಗಿಲ್ಲದೆ ಮಾಡಿದ ಸಂಗೀತದ ಹುಚ್ಚು. ಪ್ರತಿ ಶನಿವಾರ ಸಂಜೆ ಉಣಕಲ್ ಕೆರೆ ಹತ್ತಿರ ಸೇರಿ, ಗಿರ್ಮಿಟ್ ತಿನ್ನುತ್ತಾ ಆ ವಾರದ ಹೊಸ ಹಾಡುಗಳ ಬಗ್ಗೆ ಮಾತಾಡುತ್ತೀರಿ. ಹೋದ ತಿಂಗಳು ಒಂದೇ ಶುಕ್ರವಾರ ನಿಮಗೆ ಬೇಕಾದ ಏಳು ಆಲ್ಬಮ್ ಬಂದವು. ಶನಿವಾರ ಸಂಜೆಗೆ ಏಳನ್ನೂ ಕೇಳಿ, ಹತ್ತಕ್ಕೆ ಇಷ್ಟು ಅಂತ ಅಂಕ ಹಾಕಿದಿರಿ. ಒಂದು "ವರ್ಷದ ಆಲ್ಬಮ್" ಆಯಿತು, ಇನ್ನೊಂದು "ಡಬ್ಬಾ" ಆಯಿತು. ಆ ಡಬ್ಬಾ ನಿಮ್ಮ ಗೆಳೆಯರೊಬ್ಬರಿಗೆ ತುಂಬಾ ಹಿಡಿಸಿತ್ತು. ಮಾತಿಗೆ ಮಾತು ಬೆಳೆಯಿತು. ಅವರು ಎದ್ದು ಹೋದರು. ಮೂರು ಶನಿವಾರದಿಂದ ಬಂದಿಲ್ಲ. ಕೊನೆಗೆ ನಮ್ಮ ಪತ್ರಿಕೆಯ ಮೇಲೂ ಒಂದು ದೂರು ಇದೆ: "ನೀವು ಆ ವಾರವೇ ವಿಮರ್ಶೆ ಹಾಕಿದ್ದರೆ ಜಗಳ ಬಗೆಹರಿಯುತ್ತಿತ್ತು. ನಿಮ್ಮದು ಬರೋ ಹೊತ್ತಿಗೆ ಎಲ್ಲರೂ ಮುಂದಿನ ಆಲ್ಬಮ್ಮಿಗೆ ಹೋಗಿರುತ್ತಾರೆ."

ದೂರಿನಿಂದಲೇ ಶುರು ಮಾಡುತ್ತೇನೆ. ಆಲ್ಬಮ್ ಬಂದು ನಾಲ್ಕು ವಾರ ಆಗುವ ತನಕ ಅದರ ಬಗ್ಗೆ ನಮ್ಮಲ್ಲಿ ಯಾರೂ ಬರೆಯುವ ಹಾಗಿಲ್ಲ. ಇದು ನಾವು ಬೇಕಂತಲೇ ಹಾಕಿಕೊಂಡ ನಿಯಮ. ಹಾಕಿದವನು ನಾನು.

ನಾನು ಈ ಕೆಲಸಕ್ಕೆ ಬಂದ ಹೊಸತು. ಧಾರವಾಡದ ನಾಲ್ವರು ಹುಡುಗರು ಸ್ವಂತ ದುಡ್ಡು ಹಾಕಿ ಮಾಡಿದ ಒಂದು ಸಿ.ಡಿ. ನನ್ನ ಟೇಬಲ್ಲಿಗೆ ಬಂತು. ಅವತ್ತೇ ಪುಟ ಮುಗಿಸಬೇಕಿತ್ತು. ಒಂದೇ ಸಲ ಕೇಳಿದೆ, ಅದೂ ನಡುನಡುವೆ ಫೋನು ಎತ್ತುತ್ತಾ. ಹನ್ನೆರಡು ಸಾಲು ಬರೆದೆ. ಹಾಡುಗಾರನ ದನಿ ಸೋತಿದೆ, ಹಾಡುಗಳೆಲ್ಲ ಒಂದೇ ಥರ ಇವೆ ಅಂತ. ಎಂಟು ತಿಂಗಳಾದ ಮೇಲೆ, ಮಳೆಗಾಲದ ಒಂದು ರಾತ್ರಿ ಕರೆಂಟು ಹೋಗಿತ್ತು. ಬ್ಯಾಟರಿ ಪ್ಲೇಯರಿಗೆ ಕೈಗೆ ಸಿಕ್ಕ ಸಿ.ಡಿ. ಹಾಕಿದೆ. ಅದೇ ಆಗಿತ್ತು. ನಾಲ್ಕನೇ ಹಾಡಿಗೆ ಬಂದಾಗ ಎದ್ದು ಕೂತೆ. ಆ ಹುಡುಗನ ದನಿ ಸೋತಿರಲಿಲ್ಲ. ಪಕ್ಕದ ಕೋಣೆಯಲ್ಲಿ ಮಲಗಿದವರಿಗೆ ಎಚ್ಚರ ಆಗಬಾರದು ಅನ್ನುವಷ್ಟು ಮೆಲ್ಲಗೆ ಹಾಡುತ್ತಿದ್ದ. ಹಾಡು ಇದ್ದದ್ದೇ ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ ಅಪ್ಪನ ಮೇಲೆ. ಮೊದಲ ಸಲ ನಾನು ಹಾಡಿನ ಮಾತನ್ನೇ ಕೇಳಿಸಿಕೊಂಡಿರಲಿಲ್ಲ. ಮರುದಿನ ಆ ಹುಡುಗರನ್ನು ಹುಡುಕಿಕೊಂಡು ಹೋದೆ. ಬ್ಯಾಂಡು ಆಗಲೇ ಒಡೆದಿತ್ತು. ನನ್ನ ಹನ್ನೆರಡು ಸಾಲಿನಿಂದ ಒಡೆಯಿತು ಅಂತ ಅವರು ಹೇಳಲಿಲ್ಲ. ಆದರೆ ಆ ಸಾಲುಗಳು ಅವರಿಗೆ ಬಾಯಿಪಾಠ ಆಗಿದ್ದವು.

ಅದಕ್ಕೇ ನಾಲ್ಕು ವಾರ.

ಈ ಶುಕ್ರವಾರದ ಜಾತ್ರೆ ಮುಂಚಿನಿಂದ ಇದ್ದದ್ದಲ್ಲ. 2015ರ ಜುಲೈ 10ರ ತನಕ ಆಲ್ಬಮ್ ಬಿಡುಗಡೆಗೆ ಒಂದೊಂದು ದೇಶಕ್ಕೆ ಒಂದೊಂದು ದಿನ ಇತ್ತು. ಬ್ರಿಟನ್ನಿಗೆ ಸೋಮವಾರ, ಅಮೆರಿಕಕ್ಕೆ ಮಂಗಳವಾರ. ಮೊದಲು ಬಂದ ಕಡೆಯಿಂದ ಹಾಡು ಕಳ್ಳದಾರಿಯಲ್ಲಿ ಉಳಿದ ದೇಶಕ್ಕೆ ಹೋಗುತ್ತಿತ್ತು. ಅದನ್ನು ತಡೆಯಲಿಕ್ಕೆ ಎಲ್ಲರಿಗೂ ಶುಕ್ರವಾರ ಅಂತ ಮಾಡಿದರು. ಹೀಗಾಗಿ ಎಲ್ಲ ಒಟ್ಟಿಗೇ ಬಂದು ಬೀಳುತ್ತವೆ. ಸೆಪ್ಟೆಂಬರ್, ಅಕ್ಟೋಬರ್ ಬಂದರಂತೂ ಇನ್ನೂ ಜಾಸ್ತಿ, ಯಾಕೆಂದರೆ ಮುಂದೆ ಕ್ರಿಸ್‌ಮಸ್ ವ್ಯಾಪಾರ ಇರುತ್ತದೆ, ವರ್ಷದ ಕೊನೆಯ ಪಟ್ಟಿಗಳಿರುತ್ತವೆ. ನಾನು ಕಾಲೇಜಿನಲ್ಲಿದ್ದಾಗ ಒಂದು ಕ್ಯಾಸೆಟ್ಟಿಗಾಗಿ ಕೊಪ್ಪಿಕರ್ ರಸ್ತೆಗೆ ಮೂರು ಮೂರು ಸಲ ಅಲೆಯುತ್ತಿದ್ದೆ. ಸಿಕ್ಕಿತೋ, ತಿಂಗಳೆಲ್ಲ ಅದೊಂದೇ. ಈಗ ಗುರುವಾರ ರಾತ್ರಿ ಹನ್ನೆರಡು ಹೊಡೆದರೆ ಸಾಕು, ಲಂಡನ್ನಿನವರಿಗಿಂತ ಮೊದಲು ನಿಮ್ಮ ಫೋನಿನಲ್ಲಿರುತ್ತದೆ. ಇದು ಒಳ್ಳೆಯದೇ. ಆ ಕಾಲವೇ ಚೆನ್ನಾಗಿತ್ತು ಅಂತ ನಾನು ಹೇಳುವುದಿಲ್ಲ. ಕ್ಯಾಸೆಟ್ ಸಿಗದೆ ನಾವು ಕಳೆದುಕೊಂಡದ್ದು ಬಹಳ.

ಆದರೆ ಮೊದಲ ವಾರದ ತೀರ್ಪನ್ನು ನಂಬಬೇಡಿ. ನಿಮ್ಮ ಶುಕ್ರವಾರದಂಥದೇ ಒಂದು ಮಂಗಳವಾರ ಇದೆ, 1991ರ ಸೆಪ್ಟೆಂಬರ್ 24. ಅವತ್ತು ಒಂದೇ ದಿನ ಅಮೆರಿಕದಲ್ಲಿ ನಿರ್ವಾಣ, ರೆಡ್ ಹಾಟ್ ಚಿಲಿ ಪೆಪ್ಪರ್ಸ್, ಎ ಟ್ರೈಬ್ ಕಾಲ್ಡ್ ಕ್ವೆಸ್ಟ್ ಅನ್ನುವ ಮೂರು ತಂಡಗಳ ಆಲ್ಬಮ್ಮೂ ಬಂದವು. ನಿರ್ವಾಣದ ಆಲ್ಬಮ್ ಅಂಗಡಿಗೆ ಹೋದದ್ದು ಮೊದಲಿಗೆ ಸುಮಾರು 46,000 ಪ್ರತಿ. ಯಾವ ಆಲ್ಬಮ್ ಎಷ್ಟು ಮಾರಿತು ಅಂತ ಹೇಳುವ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಗೆ ಹತ್ತಿದ್ದು 144ನೇ ಜಾಗಕ್ಕೆ. ಅದು ಒಂದನೇ ಜಾಗಕ್ಕೆ ಬಂದದ್ದು 1992ರ ಜನವರಿ 11ರಂದು, ಮೈಕಲ್ ಜಾಕ್ಸನ್‌ರನ್ನು ಕೆಳಗಿಳಿಸಿ. ಮೂರೂವರೆ ತಿಂಗಳು ಬೇಕಾಯಿತು. ಇನ್ನು ಇಂಗ್ಲೆಂಡಿನ ಹಾಡುಗಾರ ನಿಕ್ ಡ್ರೇಕ್. 1969ರಿಂದ 1972ರೊಳಗೆ ಮೂರು ಆಲ್ಬಮ್ ಮಾಡಿದರು. ಬದುಕಿದ್ದಾಗ ಯಾವುದೂ ಹೇಳಿಕೊಳ್ಳುವಷ್ಟು ಮಾರಲಿಲ್ಲ. 1974ರಲ್ಲಿ, 26ನೇ ವಯಸ್ಸಿಗೆ ತೀರಿಕೊಂಡರು. ಇವತ್ತು ನಿಮ್ಮ ಗುಂಪಿನಲ್ಲೇ ಅವರ ಹಾಡು ಗಿಟಾರಿನಲ್ಲಿ ನುಡಿಸುವವರು ಇಬ್ಬರಿದ್ದಾರೆ ಅಂತ ನೀವೇ ಬರೆದಿದ್ದೀರಿ. ಆ ಕಾಲದ ಶನಿವಾರದ ಸಂಜೆ ಅವರಿಗೆ ಹತ್ತಕ್ಕೆ ಎಷ್ಟು ಕೊಡುತ್ತಿದ್ದಿರಿ?

ಹುಬ್ಬಳ್ಳಿ-ಧಾರವಾಡದವರಿಗೆ ಆಲ್ಬಮ್ ಅಳೆಯಲಿಕ್ಕೆ ಒಂದು ಒಳ್ಳೆಯ ಅಳತೆ ಇದೆ. ನಮ್ಮ ಚಿಗರಿ ಬಸ್ಸು. 1948ರಲ್ಲಿ ಕೊಲಂಬಿಯಾ ಕಂಪನಿ ತಂದ ಎಲ್‌.ಪಿ. ತಟ್ಟೆಯಲ್ಲಿ ಒಂದು ಬದಿಗೆ ಸುಮಾರು 22 ನಿಮಿಷ ಹಿಡಿಯುತ್ತಿತ್ತು. ಎರಡೂ ಬದಿ ಸೇರಿ ಮುಕ್ಕಾಲು ಗಂಟೆ. ಇವತ್ತಿಗೂ ಎಷ್ಟೋ ಆಲ್ಬಮ್ಮುಗಳು ಹೆಚ್ಚುಕಡಿಮೆ ಅಷ್ಟೇ ಉದ್ದ ಇರುತ್ತವೆ. ಹೊಸೂರಿನಲ್ಲಿ ಹತ್ತಿ ಮೊದಲ ಹಾಡು ಹಾಕಿ. ನವನಗರದ ಆಸುಪಾಸಿನಲ್ಲಿ ಒಂದು ಬದಿ ಮುಗಿಯುತ್ತದೆ. ಧಾರವಾಡದ ಜುಬಿಲಿ ಸರ್ಕಲ್ ಬರುವಾಗ ಕೊನೆಯ ಹಾಡು ನಡೆದಿರುತ್ತದೆ. ನೀವು ಒಂದೂವರೆ ದಿನದಲ್ಲಿ ಏಳು ಸಲ ಧಾರವಾಡಕ್ಕೆ ಹೋದ ಲೆಕ್ಕ. ಆ ಏಳರಲ್ಲಿ ಯಾವ ಸಲ ಕಿಟಕಿಯಲ್ಲಿ ಏನು ಕಂಡಿತು ಅಂತ ನೆನಪಿರುತ್ತಾ? ವಾರವೆಲ್ಲ ಒಂದೇ ಆಲ್ಬಮ್ ಹಚ್ಚಿಕೊಂಡು ಕೆಲಸಕ್ಕೆ ಹೋಗಿ ಬನ್ನಿ. ಮೂರನೇ ದಿನದ ಹೊತ್ತಿಗೆ ಡ್ರಮ್ಮಿನ ಹಿಂದೆ ಅಡಗಿದ್ದ ಬೇಸ್ ಗಿಟಾರು ಕೇಳಿಸತೊಡಗುತ್ತದೆ. ಐದನೇ ದಿನ, ಮೊದಲು ಸುಮ್ನೆ ದಾಟಿಸಿದ್ದ ಹಾಡಿಗಾಗಿ ಕಾಯುತ್ತಾ ಕೂರುತ್ತೀರಿ. ಇದು ನನ್ನ ಅನುಭವ. ನಿಮಗೂ ಆಗಿರಬೇಕು, ಅಲ್ವಾ?

ಇನ್ನೊಂದು ಲೆಕ್ಕ ಇದೆ. ಅದು ದುಡ್ಡಿನದು. ಇಂಡಿ ಬ್ಯಾಂಡಿನ ಬೆನ್ನಿಗೆ ದೊಡ್ಡ ಕಂಪನಿ ಇರುವುದಿಲ್ಲ. 1977ರಲ್ಲಿ ಮ್ಯಾಂಚೆಸ್ಟರಿನ ಬಝ್‌ಕಾಕ್ಸ್ ಬ್ಯಾಂಡಿನ ಹುಡುಗರು 500 ಪೌಂಡ್ ಸಾಲ ಎತ್ತಿ ತಮ್ಮ ರೆಕಾರ್ಡಿನ 1,000 ಪ್ರತಿ ಒತ್ತಿಸಿದರು. ಇವತ್ತಿನ ಸಣ್ಣ ಬ್ಯಾಂಡುಗಳೂ ಹಾಗೇ ಸಾಲ ಸೋಲ ಮಾಡಿಯೇ ಹಾಡು ಮಾಡುತ್ತವೆ. ಸ್ಪಾಟಿಫೈಯಲ್ಲಿ 2024ರಿಂದ, ಹಿಂದಿನ ಹನ್ನೆರಡು ತಿಂಗಳಲ್ಲಿ 1,000 ಸಲವಾದರೂ ಕೇಳಿಸಿಕೊಳ್ಳದ ಹಾಡಿಗೆ ಸಂಭಾವನೆ ಇಲ್ಲ. ಈಗ ಯೋಚನೆ ಮಾಡಿ. ನೂರು ಜನ ಒಂದು ಆಲ್ಬಮ್ಮನ್ನು ಒಂದೊಂದು ಸಲ ಕೇಳಿ, ಅಂಕ ಹಾಕಿ, ಮುಂದೆ ಹೋದರೆ ಆ ಬ್ಯಾಂಡಿಗೆ ಅವರಿಂದ ಒಂದು ಪೈಸೆಯೂ ಹುಟ್ಟುವುದಿಲ್ಲ. ಅದೇ ನೂರು ಜನ ಹತ್ತು ಹತ್ತು ಸಲ ಕೇಳಿದರೆ ಪ್ರತಿ ಹಾಡೂ ಆ ಗೆರೆ ಮುಟ್ಟುತ್ತದೆ. ಮುಟ್ಟಿದರೂ ಸಿಗುವುದು ಚಿಲ್ಲರೆಯೇ. ಅದಕ್ಕೇ, ಮನಸ್ಸಿಗೆ ಹತ್ತಿದ ಒಂದನ್ನಾದರೂ ದುಡ್ಡು ಕೊಟ್ಟು ಕೊಳ್ಳಿ. ಬ್ಯಾಂಡುಗಳು ತಾವೇ ಹಾಡು ಮಾರುವ ಬ್ಯಾಂಡ್‌ಕ್ಯಾಂಪ್ ತಾಣದಲ್ಲಿ ಡಿಜಿಟಲ್ ಆಲ್ಬಮ್ ಕೊಂಡರೆ ನೂರು ರೂಪಾಯಿಯಲ್ಲಿ 15 ಆ ತಾಣದ ಪಾಲು. ಹಣ ಕಳಿಸುವ ಖರ್ಚು ಕಳೆದು ಉಳಿದದ್ದು ಬ್ಯಾಂಡಿಗೇ ಹೋಗುತ್ತದೆ.

ಇಲ್ಲಿ ಕೂತು ಎಲ್ಲಿಯದೋ ಬ್ಯಾಂಡಿಗಾಗಿ ಜಗಳ ಆಡುವುದು ಸರಿಯಾ ಅಂತಲೂ ಕೇಳಿದ್ದೀರಿ. ಯಾಕೆ ಆಡಬಾರದು? ರಘು ದೀಕ್ಷಿತ್ ಅವರ 2008ರ ಮೊದಲ ಆಲ್ಬಮ್ಮಿನಲ್ಲಿ ನಮ್ಮ ಶಿಗ್ಗಾವಿ ಕಡೆಯ ಶಿಶುನಾಳ ಷರೀಫರ ಹಾಡಿದೆ. ಷರೀಫರು ತೀರಿಕೊಂಡದ್ದು 1889ರಲ್ಲಿ. ಆ ಹಾಡನ್ನು ರಘು ದೀಕ್ಷಿತ್ ವಿದೇಶದ ವೇದಿಕೆಗಳಲ್ಲೂ ಹಾಡಿದ್ದಾರೆ. ಅಲ್ಲಿಯವರು ನಮ್ಮದನ್ನು ಕೇಳಿದ ಹಾಗೆ ನಾವು ಅವರದನ್ನು ಕೇಳುತ್ತೇವೆ.

ಬರೆಯುತ್ತಾ ಬರೆಯುತ್ತಾ ನನಗೆ ಗದಗದ ಆ ಹುಡುಗ ನೆನಪಾಗುತ್ತಾನೆ. 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿ. ಚಿಕ್ಕವನಿದ್ದಾಗ ಹಿಂದುಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನರ ಒಂದು ರೆಕಾರ್ಡು ಕಿವಿಗೆ ಬಿತ್ತು. ಆಗಿನ ತಟ್ಟೆಯ ಒಂದು ಬದಿ ಅಂದರೆ ಮೂರು ಚಿಲ್ಲರೆ ನಿಮಿಷ, ಅಷ್ಟೇ. ಆ ಮೂರು ನಿಮಿಷ ಅವನನ್ನು ಬಿಡಲಿಲ್ಲ. ಹಾಗೆ ಹಾಡಬೇಕು ಅಂತ 1933ರಲ್ಲಿ, ಹನ್ನೊಂದನೇ ವಯಸ್ಸಿಗೆ, ಮನೆ ಬಿಟ್ಟ. ಗ್ವಾಲಿಯರ್, ಕೊಲ್ಕತ್ತಾ, ಜಲಂಧರ್ ಅಂತ ಅಲೆದ. ಕೊನೆಗೆ ಗುರು ಸಿಕ್ಕಿದ್ದು ಹುಬ್ಬಳ್ಳಿಯ ಪಕ್ಕದ ಕುಂದಗೋಳದಲ್ಲಿ. ಸವಾಯಿ ಗಂಧರ್ವರು, ಅದೇ ಕರೀಂ ಖಾನರ ಶಿಷ್ಯರು. ಒಂದು ರೆಕಾರ್ಡನ್ನು ಇಷ್ಟು ಆಳವಾಗಿ ಕೇಳಿದವರ ಊರಿನ ಪಕ್ಕದಲ್ಲೇ ನಾವಿದ್ದೇವೆ ಅಂದಾಗ ನನಗೆ ಈಗಲೂ ಮೈ ಜುಂ ಅನ್ನುತ್ತದೆ.

ನಿಮ್ಮ ಶನಿವಾರದ ಕೂಟ ನಿಲ್ಲಬಾರದು. ಜೋರು ದನಿಯಲ್ಲಿ ವಾದ ಮಾಡಿ, ಹಾಡಿನ ಮೇಲೆ ಪ್ರೀತಿ ಇದ್ದವರೇ ಹಾಗೆ ಮಾಡುವುದು. ಹತ್ತಕ್ಕೆ ಇಷ್ಟು ಅನ್ನುವುದನ್ನು ಮಾತ್ರ ಬಿಡಿ. ಮುಂದಿನ ಸಲ ಏಳು ಆಲ್ಬಮ್ ಬಂದರೆ ಐವರೂ ಒಂದೊಂದು ಹಂಚಿಕೊಳ್ಳಿ. ತಿಂಗಳು ಪೂರ್ತಿ ಅದರ ಜೊತೆಗಿದ್ದು, ಒಂದು ಹಾಡು ಆರಿಸಿ ಉಳಿದ ನಾಲ್ವರಿಗೆ ಕೇಳಿಸಿ. ಉಳಿದ ಎರಡು ಎಲ್ಲಿಗೂ ಓಡಿ ಹೋಗುವುದಿಲ್ಲ.

ಎದ್ದು ಹೋದ ಗೆಳೆಯರ ವಿಷಯ. ನಿಮ್ಮ ಪತ್ರದಲ್ಲಿ ಒಂದು ಸಾಲಿದೆ: "ಅವನು ಅದನ್ನ ಗುರುವಾರ ರಾತ್ರಿಯಿಂದ ಒಂಬತ್ತು ಸಲ ಕೇಳಿದ್ದನಂತೆ." ನೀವು ನಾಲ್ವರೂ ಒಂದೊಂದು ಸಲ ಕೇಳಿದ್ದಿರಿ. ಆ ಸಂಜೆ ಆ ಆಲ್ಬಮ್ಮಿನ ಬಗ್ಗೆ ಮಾತಾಡಲಿಕ್ಕೆ ನಿಮ್ಮಲ್ಲಿ ತಯಾರಾಗಿದ್ದವರು ಅವರೊಬ್ಬರೇ. ನಾನೂ ಅದನ್ನು ಈ ವಾರ ಹಚ್ಚಿದ್ದೇನೆ. ಆರು ಸಲ ಆಗಿದೆ. ಐದನೇ ಹಾಡು ಇನ್ನೂ ನನ್ನ ಕೈಗೆ ಸಿಕ್ಕಿಲ್ಲ, ಏನೋ ಇದೆ ಅಂತ ಮಾತ್ರ ಅನ್ನಿಸುತ್ತಿದೆ. ಅವರ ಮನೆಗೆ ಹೋಗಿ, ಜಗಳದ ಮಾತೆತ್ತಬೇಡಿ, ಆ ಐದನೇ ಹಾಡು ಹಾಕು ಅನ್ನಿ. ಅವರು ಏನು ಹೇಳಿದರು ಅಂತ ನನಗೆ ಬರೆಯಿರಿ.

ನಿಮ್ಮ,
ಸಂಪಾದಕ